ಹಳೆಯ ಸ್ಟಾರ್ ಟ್ರೆಕ್ ಮೊದಲೋ, ಪ್ರೀಕ್ವೆಲ್ ಮೊದಲೋ?

ಪ್ರಶ್ನೆ: ಬಾಹ್ಯಾಕಾಶ ಸರಣಿ ಸ್ಟಾರ್ ಟ್ರೆಕ್‌ನ ಪ್ರೀಕ್ವೆಲ್, ಅಂದರೆ ಮೂಲಕ್ಕಿಂತ ಹಿಂದಿನ ಕಥೆ ಹೇಳುವ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ನೋಡಿ ಮುಗಿಸಿದೆ. ಈಗ 1966ರ ಹಳೆಯ ಸ್ಟಾರ್ ಟ್ರೆಕ್ ಮತ್ತೆ ನೋಡುವ ಆಸೆ. ಮನೆಯವರಿಗೂ ತೋರಿಸಬೇಕು. ಅವರು ಎರಡನ್ನೂ ನೋಡಿಲ್ಲ. ಕಥೆಯಲ್ಲಿ ಮೊದಲು ನಡೆಯುವುದು ಹೊಸ ಸರಣಿಯಲ್ಲವೇ, ಹಾಗಾಗಿ ಅದನ್ನೇ ಮೊದಲು ತೋರಿಸುವುದು ಸರಿ ತಾನೇ?

ಉತ್ತರ: ಸರಿಯಲ್ಲ. ಹೊಸ ಸೀಸನ್ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಉತ್ತರವೂ ಪ್ರತಿ ಸಲ ಅದೇ. ಹಳೆಯದು ಮೊದಲು, ಹೊಸದು ಆಮೇಲೆ, ನಂತರ ಹಳೆಯದರ ಕೆಲವು ಎಪಿಸೋಡ್ ಇನ್ನೊಮ್ಮೆ. ಇಷ್ಟೇ ಹೇಳಿದರೆ ಯಾರೂ ಒಪ್ಪುವುದಿಲ್ಲ ಎಂದು ಗೊತ್ತಿರುವುದರಿಂದ ಈ ಸಲ ಬಿಡಿಸಿ ಬರೆಯುತ್ತೇನೆ.

ಹಳೆಯ ಸರಣಿ ಅಮೆರಿಕದ ಎನ್‌ಬಿಸಿ ಟಿವಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಿಂದ 1969ರ ಜೂನ್‌ವರೆಗೆ ಬಂತು. ಮೂರು ಸೀಸನ್, 79 ಎಪಿಸೋಡ್. ಹೊಸದು ಶುರುವಾದದ್ದು 2022ರ ಮೇ ತಿಂಗಳಲ್ಲಿ. ಕಥೆಯ ಲೆಕ್ಕದಲ್ಲಿ ಹೊಸದು 2259ರಲ್ಲಿ ಆರಂಭವಾಗುತ್ತದೆ, ಹಳೆಯದರ ನಾಯಕ ಕ್ಯಾಪ್ಟನ್ ಕರ್ಕ್‌ನ ಕಾಲ ಅದಕ್ಕಿಂತ ಕೆಲವು ವರ್ಷ ಈಚೆಗೆ. ಈ ಇಸವಿಗಳನ್ನು ನೋಡಿಯೇ ಎಲ್ಲರೂ ಎಡವುವುದು. 2259 ಮೊದಲು ಬರುವುದರಿಂದ ಅದನ್ನೇ ಮೊದಲು ನೋಡಬೇಕು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ, ವರ್ಷದ ಪ್ರಕಾರ ಜೋಡಿಸಿದ ಪಟ್ಟಿಗಳನ್ನು ಜನ ಪಂಚಾಂಗದಷ್ಟೇ ಭಕ್ತಿಯಿಂದ ಹಂಚಿಕೊಳ್ಳುತ್ತಾರೆ.

ಕಥೆಯೊಳಗಿನ ವರ್ಷ ಪಾತ್ರಗಳಿಗೆ ಸೇರಿದ್ದು. ನೋಡುವವರಿಗೆ ಏನು ಯಾವಾಗ ತಿಳಿಯಬೇಕು ಎಂಬುದನ್ನು ತೀರ್ಮಾನಿಸುವವರು ಬರೆದವರು. ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಬರೆದವರು ನಿಮಗೆ ಹಳೆಯ ಕಥೆ ಗೊತ್ತಿದೆ ಎಂಬ ಧೈರ್ಯದ ಮೇಲೆಯೇ ಬರೆದಿದ್ದಾರೆ. ಅಭಿಮನ್ಯು ಕಾಳಗದ ಆಟಕ್ಕೆ ಹೋದವರಿಗೆ ಚಕ್ರವ್ಯೂಹದಲ್ಲಿ ಏನಾಗುತ್ತದೆ ಎಂದು ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಅವನು ಸುಭದ್ರೆಯಿಂದ ಬೀಳ್ಕೊಳ್ಳುವ ಪದ್ಯಕ್ಕೆ ಕಣ್ಣು ತುಂಬುತ್ತದೆ. ಹೊಸ ಸರಣಿಯ ನಾಯಕ, ಕರ್ಕ್‌ಗಿಂತ ಮೊದಲು ಎಂಟರ್‌ಪ್ರೈಸ್ ಹಡಗನ್ನು ನಡೆಸಿದ ಕ್ಯಾಪ್ಟನ್ ಪೈಕ್‌ನ ಕಥೆಯೂ ಹಾಗೆಯೇ ಕಟ್ಟಿದ್ದು.

ಪೈಕ್‌ನನ್ನೇ ತೆಗೆದುಕೊಳ್ಳಿ. 1966ರ ನವೆಂಬರ್ 17 ಮತ್ತು 24ರಂದು ಎರಡು ಭಾಗವಾಗಿ ಬಂದ 'ದಿ ಮೆನಾಜರಿ'ಯಲ್ಲಿ ಅವನು ಮಾತಾಡಲಾರ, ಕೈ ಎತ್ತಲಾರ. ಡೆಲ್ಟಾ ವಿಕಿರಣದಿಂದ ಸುಟ್ಟ ಮುಖ, ಕತ್ತಿನವರೆಗೂ ಮುಚ್ಚಿದ ಕಪ್ಪು ಕುರ್ಚಿ, ಮುಂದೆ ಒಂದು ದೀಪ. ದೀಪ ಒಂದು ಸಲ ಮಿನುಗಿದರೆ ಹೌದು, ಎರಡು ಸಲ ಮಿನುಗಿದರೆ ಇಲ್ಲ. ತರಬೇತಿ ಹಡಗಿನಲ್ಲಿ ಅವಘಡವಾದಾಗ ಒಳಗೆ ನುಗ್ಗಿ ಹುಡುಗರನ್ನು ಹೊರಗೆಳೆದದ್ದಕ್ಕೆ ಅವನಿಗೆ ಈ ಗತಿ ಎಂದು ಕಮೊಡೋರ್ ಮೆಂಡೆಜ್ ನಾಲ್ಕು ಮಾತಲ್ಲಿ ಹೇಳಿ ಮುಗಿಸುತ್ತಾನೆ. ಪೈಕ್‌ನ ಕೈಕೆಳಗೆ 11 ವರ್ಷ, 4 ತಿಂಗಳು, 5 ದಿನ ಕೆಲಸ ಮಾಡಿದ, ಈಗ ಕರ್ಕ್‌ನ ಕೈಕೆಳಗಿರುವ ಅಧಿಕಾರಿ ಸ್ಪಾಕ್ ಹಡಗನ್ನೇ ಅಪಹರಿಸಿ, ಕಾಲಿಟ್ಟರೆ ಮರಣದಂಡನೆ ಎಂಬ ನಿಷೇಧವಿರುವ ಟೇಲೋಸ್ 4 ಗ್ರಹಕ್ಕೆ ಪೈಕ್‌ನನ್ನು ಕೊಂಡೊಯ್ಯುತ್ತಾನೆ. ಪೈಕ್‌ನ ದೀಪ ಮಾತ್ರ ಎರಡೆರಡು ಸಲ ಮಿನುಗುತ್ತಲೇ ಇರುತ್ತದೆ. ಇಲ್ಲ, ಇಲ್ಲ. ಯಾವುದಕ್ಕೆ ಇಲ್ಲ ಎನ್ನುತ್ತಿದ್ದಾನೆ ಎಂದು ಹಡಗಿನ ವೈದ್ಯ ಮೆಕಾಯ್‌ಗೆ ಅರ್ಥವಾಗುವುದಿಲ್ಲ. ಮೊದಲ ಸಲ ನೋಡುವಾಗ ನಿಮಗೂ ಆಗುವುದಿಲ್ಲ, ಆಗಬಾರದು ಕೂಡ. ಆ ಎಪಿಸೋಡ್ ನಿಂತಿರುವುದೇ ಸ್ಪಾಕ್‌ಗೆ ಏನಾಗಿದೆ ಎಂಬ ಒಗಟಿನ ಮೇಲೆ.

ಈಗ ಹೊಸದಕ್ಕೆ ಬನ್ನಿ. ತನಗೆ ಈ ಕುರ್ಚಿ ಕಾದಿದೆ ಎಂದು ಪೈಕ್‌ಗೆ ಮುಂಚೆಯೇ ಗೊತ್ತು. ಇನ್ನೊಂದು ಸ್ಟಾರ್ ಟ್ರೆಕ್ ಸರಣಿ ಡಿಸ್ಕವರಿಯ 2019ರ ಎರಡನೇ ಸೀಸನ್ನಿನಲ್ಲಿ ಅವನು ಅದನ್ನು ಕಣ್ಣಾರೆ ಕಂಡಿದ್ದಾನೆ. ಸ್ಟ್ರೇಂಜ್ ನ್ಯೂ ವರ್ಲ್ಡ್ಸ್‌ನ ಮೊದಲ ಸೀಸನ್ನಿನ ಕೊನೆಯ ಎಪಿಸೋಡ್ 'ಎ ಕ್ವಾಲಿಟಿ ಆಫ್ ಮರ್ಸಿ'ಯಲ್ಲಿ, ಮುಂದೆ ಆ ಅವಘಡದಲ್ಲಿ ಸಾಯಲಿರುವ ಹುಡುಗನೊಬ್ಬ ಎದುರಿಗೆ ಬಂದಾಗ, ಅದನ್ನು ತಪ್ಪಿಸಲೆಂದು ಪತ್ರ ಬರೆಯಲು ಕೂರುತ್ತಾನೆ. ಆಗ ವಯಸ್ಸಾದ ಪೈಕ್ ಭವಿಷ್ಯದಿಂದ ಬಂದು ತಡೆದು ತೋರಿಸುವುದೇನು? ನೀನು ಈ ಕುರ್ಚಿಯಿಂದ ತಪ್ಪಿಸಿಕೊಂಡರೆ ಅದರ ಬೆಲೆ ತೆರುವವನು ಸ್ಪಾಕ್. ಪೈಕ್ ಕುರ್ಚಿಯನ್ನು ಒಪ್ಪಿಕೊಳ್ಳುತ್ತಾನೆ.

ಇದಾದ ಮೇಲೆ 'ದಿ ಮೆನಾಜರಿ' ಇನ್ನೊಮ್ಮೆ ಹಾಕಿ. ಆ ದೀಪ ಎರಡು ಸಲ ಮಿನುಗಿದಾಗ ಎದೆ ಹಿಂಡಿದಂತಾಗುತ್ತದೆ. ಯಾರ ಜೀವ ಉಳಿಯಲೆಂದು ಪೈಕ್ ಈ ಸ್ಥಿತಿಯನ್ನು ಒಪ್ಪಿದನೋ, ಅವನೇ ಈಗ ಪೈಕ್‌ಗಾಗಿ ಆ ಜೀವವನ್ನು ಪಣಕ್ಕಿಟ್ಟಿದ್ದಾನೆ. ಒಂದು ಫ್ರೇಮೂ ಬದಲಾಗಿಲ್ಲ, ಒಂದು ಸಂಭಾಷಣೆಯೂ ಸೇರಿಲ್ಲ. ಪ್ರೀಕ್ವೆಲ್ ಮಾಡಬಹುದಾದ ಅತಿ ದೊಡ್ಡ ಕೆಲಸ ಇದು, ಇದು ನಡೆಯುವುದು ಹಳೆಯದನ್ನು ಮೊದಲು ನೋಡಿದವರಿಗೆ ಮಾತ್ರ. ವರ್ಷದ ಕ್ರಮ ಹಿಡಿದರೆ ಒಗಟೂ ಹೋಯಿತು, ಮರುನೋಟದ ಆಘಾತವೂ ಹೋಯಿತು.

ಇನ್ನೊಂದು ನಷ್ಟವನ್ನು ಕ್ರಮವಾದಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. 'ಎ ಕ್ವಾಲಿಟಿ ಆಫ್ ಮರ್ಸಿ' ಹೆಚ್ಚುಕಡಿಮೆ ಪೂರ್ತಿಯಾಗಿ 1966ರ ಡಿಸೆಂಬರ್ 15ರ 'ಬ್ಯಾಲೆನ್ಸ್ ಆಫ್ ಟೆರರ್' ಎಪಿಸೋಡಿನ ಮರು ಆಟ. ಅದೇ ಮದುವೆ, ಗಡಿಯಲ್ಲಿ ಅದೇ ದಾಳಿ, ಕಣ್ಣಿಗೆ ಕಾಣದ ಅದೇ ಶತ್ರು ರೊಮ್ಯುಲನ್ನರ ಹಡಗು. ಕ್ಯಾಪ್ಟನ್ ಕುರ್ಚಿಯಲ್ಲಿ ಕರ್ಕ್ ಬದಲು ಪೈಕ್ ಇರುತ್ತಾನೆ. ಕರ್ಕ್ ಬೆನ್ನಟ್ಟಿ ಹೊಡೆಯುತ್ತಾನೆ, ಪೈಕ್ ಮಾತುಕತೆಗೆ ಸಮಯ ಕೊಡುತ್ತಾನೆ, ಆ ಸಮಯದಲ್ಲಿ ಶತ್ರುಪಡೆಯೇ ಬಂದು ನಿಲ್ಲುತ್ತದೆ. ಮೂಲ ನೋಡದವರಿಗೆ ಇದು ಒಂದು ಸಾಧಾರಣ ಯುದ್ಧದ ಕಥೆ. ನೋಡಿದವರಿಗೆ ಪ್ರತಿ ತಿರುವಿನಲ್ಲೂ 'ಇಲ್ಲಿ ಕರ್ಕ್ ಹೀಗೆ ಮಾಡಿದ್ದ' ಎಂಬ ನೆನಪು ಜೊತೆಗೇ ಓಡುತ್ತದೆ. ಮರಳಿ ಮೂಲಕ್ಕೆ ಬಂದಾಗ, ತಾನು ಮಾಡುತ್ತಿರುವುದು ತಪ್ಪಾದರೆ ಎಂದು ಕರ್ಕ್ ತನ್ನ ಕೋಣೆಯಲ್ಲಿ ಮೆಕಾಯ್ ಹತ್ತಿರ ತೊಳಲಾಡುವ ದೃಶ್ಯವಿದೆಯಲ್ಲ, ಅದು ಬೇರೆಯೇ ತೂಕ ಪಡೆಯುತ್ತದೆ. ಇನ್ನೊಂದು ದಾರಿ ಎಲ್ಲಿಗೆ ಒಯ್ಯುತ್ತಿತ್ತು ಎಂದು ಅವನಿಗೆ ಗೊತ್ತಿಲ್ಲ, ನಿಮಗೆ ಗೊತ್ತು.

ಎಲ್ಲವೂ ಹೀಗೆ ಹೊಂದುತ್ತದೆ ಎಂದಲ್ಲ. 'ಅಮೋಕ್ ಟೈಮ್'ನಲ್ಲಿ ಪರದೆಯ ಮೇಲೆ ಸ್ಪಾಕ್‌ಗೆ ನಿಶ್ಚಯವಾದ ಟಿಪ್ರಿಂಗ್ ಕಂಡಾಗ ಹಡಗಿನ ಅಧಿಕಾರಿ ಊಹುರಾ, ಇವಳು ಯಾರು ಎಂದು ಕೇಳುತ್ತಾಳೆ. ಹೊಸ ಸರಣಿಯಲ್ಲಿ ಅದೇ ಟಿಪ್ರಿಂಗ್ ಊಹುರಾ ಇರುವ ಹಡಗಿಗೇ ಬಂದು ಹೋಗಿದ್ದಾಳೆ. ಇದಕ್ಕೆ ಸಮಜಾಯಿಷಿ ಹುಡುಕುತ್ತಾ ಕೂರಬೇಡಿ, ಬಿಟ್ಟುಬಿಡಿ. ಅದೇ ಎಪಿಸೋಡಿನಲ್ಲಿ ನರ್ಸ್ ಚಾಪೆಲ್ ತಂದ ಸೂಪಿನ ಬಟ್ಟಲನ್ನು ಸ್ಪಾಕ್ ಎಸೆಯುವ ದೃಶ್ಯ ಮಾತ್ರ, ಅವರಿಬ್ಬರ ನಡುವೆ ಹಿಂದೆ ಏನಿತ್ತು ಎಂದು ತಿಳಿದ ಮೇಲೆ, ಮೊದಲಿಗಿಂತ ಹೆಚ್ಚು ನೋಯಿಸುತ್ತದೆ.

ನಿಜವಾಗಿ ಕೆಟ್ಟದ್ದು ಗಾರ್ನ್‌ಗಳ ವಿಷಯ. 'ಅರೀನಾ'ದಲ್ಲಿ ಕರ್ಕ್‌ಗೆ ಹಲ್ಲಿಯಂಥ ಈ ಜೀವಿಗಳು ಯಾರೆಂದೇ ತಿಳಿಯದು. ಕೊನೆಗೆ ಗೆದ್ದರೂ, ಅವರು ತಮ್ಮ ನೆಲ ಕಾಯಲೆಂದೇ ದಾಳಿ ಮಾಡಿರಬಹುದು ಎಂದು ಕೊಲ್ಲದೆ ಬಿಡುತ್ತಾನೆ. ಹೊಸದರಲ್ಲಿ ಗಾರ್ನ್‌ಗಳು ಮನುಷ್ಯರ ಮೈಯೊಳಗೆ ಮೊಟ್ಟೆಯಿಡುವ ರಾಕ್ಷಸರು, ಮೊದಲ ಸೀಸನ್ನಿನಿಂದಲೇ ಸ್ಪಾಕ್‌ಗೆ ಪರಿಚಿತರು. ಈ ಭಯ ತಲೆಯಲ್ಲಿ ಹೊತ್ತು 'ಅರೀನಾ' ನೋಡಿದರೆ ಕರ್ಕ್‌ನ ಕರುಣೆ ಪೆದ್ದುತನದಂತೆ ಕಾಣುತ್ತದೆ. ಆ ಎಪಿಸೋಡಿಗೆ ನೋಡುಗರ ಅಜ್ಞಾನ ಬೇಕೇ ಬೇಕು.

ಹಾಗಾದರೆ ಮನೆಯವರಿಗೆ 79ನ್ನೂ ತೋರಿಸಬೇಕೇ? ಬೇಡ. ಪ್ರಸಾರವಾದ ಕ್ರಮದಲ್ಲಿ ಈ ಎಂಟು ಸಾಕು: 'ದಿ ನೇಕೆಡ್ ಟೈಮ್', 'ವಾಟ್ ಆರ್ ಲಿಟಲ್ ಗರ್ಲ್ಸ್ ಮೇಡ್ ಆಫ್?', 'ದಿ ಮೆನಾಜರಿ' ಎರಡೂ ಭಾಗ, 'ಬ್ಯಾಲೆನ್ಸ್ ಆಫ್ ಟೆರರ್', 'ಅರೀನಾ', 'ಸ್ಪೇಸ್ ಸೀಡ್', 'ಅಮೋಕ್ ಟೈಮ್'. ಕೊನೆಯದೊಂದು ಎರಡನೇ ಸೀಸನ್ನಿನದು, ಉಳಿದದ್ದೆಲ್ಲ ಮೊದಲನೆಯದು. ಒಂದೊಂದೂ ಸುಮಾರು 50 ನಿಮಿಷ. ಎರಡು ಭಾನುವಾರಕ್ಕೆ ಮುಗಿಯುತ್ತದೆ. ಆಮೇಲೆ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಮೊದಲ ಸೀಸನ್ನಿನ ಹತ್ತು. ಅದು ಮುಗಿದ ದಿನವೇ, ನೆನಪು ಹಸಿಯಿರುವಾಗ, 'ಬ್ಯಾಲೆನ್ಸ್ ಆಫ್ ಟೆರರ್' ಮತ್ತು 'ದಿ ಮೆನಾಜರಿ' ಮತ್ತೆ. ಎರಡನೇ ಸೀಸನ್ನಿನಲ್ಲಿ, 'ಸ್ಪೇಸ್ ಸೀಡ್'ನ ಖಳನಾಯಕ ಖಾನ್‌ನ ಕಾಲಘಟ್ಟ 1990ರ ದಶಕದಿಂದ ಮುಂದಕ್ಕೆ ಸರಿದದ್ದಕ್ಕೆ ಕಾರಣ ಕೊಟ್ಟಿದ್ದಾರೆ. 'ಸ್ಪೇಸ್ ಸೀಡ್' ನೋಡಿದ್ದರೆ ಅದು ತಾನಾಗಿ ತಿಳಿಯುತ್ತದೆ.

ಒಂದು ಎಚ್ಚರಿಕೆ. ಎಪಿಸೋಡ್ ಪಟ್ಟಿಯ ತುದಿಯಲ್ಲಿ 'ದಿ ಕೇಜ್' ಕಂಡರೆ ಅದರಿಂದ ಶುರು ಮಾಡಬೇಡಿ. ಎನ್‌ಬಿಸಿ ತಿರಸ್ಕರಿಸಿದ ಮೊದಲ ಪೈಲಟ್, ಅಂದರೆ ಮಾದರಿ ಎಪಿಸೋಡ್ ಅದು, ಜೆಫ್ರಿ ಹಂಟರ್ ಪೈಕ್ ಆಗಿದ್ದದ್ದು. ಅದರ ಬಹುಪಾಲು ದೃಶ್ಯಗಳನ್ನು 'ದಿ ಮೆನಾಜರಿ'ಯೊಳಗೆ ಸ್ಪಾಕ್‌ನ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಬಳಸಿದ್ದಾರೆ. ಮೊದಲೇ ನೋಡಿಬಿಟ್ಟರೆ ವಿಚಾರಣೆಯ ಕೌತುಕವೆಲ್ಲ ಸಪ್ಪೆ.

ಇಷ್ಟೆಲ್ಲ ಕೇಳುವವರು ಯಾವ ಪ್ರತಿ ನೋಡಬೇಕು ಎಂದು ಮಾತ್ರ ಕೇಳುವುದಿಲ್ಲ. ಮರುನೋಟಕ್ಕೆ ಅದೂ ಅಷ್ಟೇ ಮುಖ್ಯ. 2006ರಿಂದ 2008ರವರೆಗೆ ಹಳೆಯ ಸರಣಿಯನ್ನು ಮೂಲ ಫಿಲ್ಮಿನಿಂದ ಹೊಸದಾಗಿ ಸ್ಕ್ಯಾನ್ ಮಾಡಿ, ಹಡಗು ಮತ್ತು ಗ್ರಹಗಳ ಹೊರ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಮಾಡಿದರು. ಹಾಗೆ ಮೊದಲು ಪ್ರಸಾರವಾದದ್ದು 'ಬ್ಯಾಲೆನ್ಸ್ ಆಫ್ ಟೆರರ್'. ನಟನೆ, ಮಾತು, ಸೆಟ್ ಎಲ್ಲ ಇದ್ದಂತೆಯೇ ಇವೆ. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಈ ಪ್ರತಿ. ಬ್ಲೂ-ರೇ ಡಿಸ್ಕಿನಲ್ಲಿ ಎರಡೂ ಇವೆ, ಮೆನುವಿನಲ್ಲಿ ಆರಿಸಿಕೊಳ್ಳಬಹುದು.

ಹೊಸ ಸರಣಿ ನೋಡಿ ಬಂದವರು ಹಳೆಯ ಎಫೆಕ್ಟ್‌ಗಳನ್ನೇ ಆರಿಸಿ. 2022ರ ಗ್ರಾಫಿಕ್ಸ್‌ಗೆ ಒಗ್ಗಿದ ಕಣ್ಣಿಗೆ 2006ರ ಗ್ರಾಫಿಕ್ಸ್ ಹಳತಾಗಿಯೂ ಕಾಣದು, ಹೊಸತಾಗಿಯೂ ಕಾಣದು. ಎರಡನ್ನೂ ಹೋಲಿಸುತ್ತಲೇ ಗಮನ ಹಾಳು. ಮೂಲದಲ್ಲಿರುವುದು ಕೈಯಿಂದ ಕಟ್ಟಿದ ಮಾದರಿಗಳು. ಎಂಟರ್‌ಪ್ರೈಸ್‌ನ ಆ 11 ಅಡಿಯ ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಬಾಹ್ಯಾಕಾಶ ಮ್ಯೂಸಿಯಂನ ಸಂಗ್ರಹದಲ್ಲಿದೆ. ರೊಮ್ಯುಲನ್ ಹಡಗಿನ ಅಡಿಯಲ್ಲಿ ಬಿಡಿಸಿದ ಹಕ್ಕಿಯನ್ನು ಮಾದರಿಯ ಮೇಲೆಯೇ ನೋಡುವ ಸುಖ ಬೇರೆ. ಚಿತ್ರ ಮಸುಕಾಗಿರುತ್ತದೆ ಎಂಬ ಭಯ ಬೇಡ, ಮುಖಗಳ ಸ್ಪಷ್ಟತೆ ಎರಡು ಆಯ್ಕೆಯಲ್ಲೂ ಒಂದೇ.

ಟಿವಿಯ ಪಿಕ್ಚರ್ ಸೆಟ್ಟಿಂಗ್ 16:9ರಲ್ಲೇ ಇರಲಿ, ಚಿತ್ರ ಅದರೊಳಗೆ 4:3 ಆಗಿಯೇ ಬರುತ್ತದೆ. ಝೂಮ್ ಮಾಡಿದರೆ ಮೇಲೂ ಕೆಳಗೂ ಕತ್ತರಿಸುತ್ತದೆ, ಸ್ಟ್ರೆಚ್ ಮಾಡಿದರೆ ಮುಖಗಳು ಅಗಲವಾಗುತ್ತವೆ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಬಂದರೆ ಸರಿಯಾಗಿದೆ ಎಂದೇ ಅರ್ಥ.