ಅಗ್ಗದ ವಿದೇಶಿ ಕಾರು ಕಲಬುರಗಿಗೆ ಯಾಕೆ ಬರುವುದಿಲ್ಲ

"ದುಬೈದಾಗ ಮೂರ್ನಾಲ್ಕು ಲಕ್ಷಕ್ಕ ಚೊಲೊ ಗಾಡಿ ಸಿಗ್ತದ. ಹಡಗಿನ ಬಾಡಿಗಿ ಒಂದು ಲಕ್ಷ ಅಂದ್ರೂ ಐದರಾಗ ಮುಗೀತದ. ಯಾಕ ತರಬಾರದು?" ಗಲ್ಫ್‌ನಲ್ಲಿ ದುಡಿಯುವ ಮಕ್ಕಳಿರುವ ಕಲಬುರಗಿ, ಬೀದರ್ ಮನೆಗಳಲ್ಲಿ ಈ ಲೆಕ್ಕ ಆಗಾಗ ಕೇಳಿಬರುತ್ತದೆ. ಈಗ ಅದಕ್ಕೆ ಮೊಬೈಲ್ ವಿಡಿಯೊಗಳೂ ಸೇರಿಕೊಂಡಿವೆ. ಜಪಾನಿನ ಹರಾಜಿನಲ್ಲಿ ಚಿಲ್ಲರೆ ಬೆಲೆಗೆ ಹೋಗುವ 660 ಸಿಸಿಯ ಪುಟ್ಟ ಕಾರುಗಳು ಅವುಗಳಲ್ಲಿ ಕಾಣುತ್ತವೆ, ಚೀನಾದ ಪುಟಾಣಿ ಎಲೆಕ್ಟ್ರಿಕ್ ಕಾರುಗಳೂ ಕಾಣುತ್ತವೆ. 2020ರಲ್ಲಿ ಚೀನಾದಲ್ಲಿ ಬಿಡುಗಡೆಯಾದ ವೂಲಿಂಗ್ ಹಾಂಗ್‌ಗ್ವಾಂಗ್ ಮಿನಿ ಇವಿಯ ಆರಂಭಿಕ ಬೆಲೆ 28,800 ಯುವಾನ್. ಆಗಿನ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ. ಇದನ್ನೆಲ್ಲ ನೋಡಿದವರಿಗೆ ನಮ್ಮ ಶೋರೂಮಿನ ಬೆಲೆಪಟ್ಟಿ ಅನ್ಯಾಯವೆಂದು ಕಂಡರೆ ಅದರಲ್ಲಿ ತಪ್ಪಿಲ್ಲ. ಆದರೆ ಆ ಕಾರು ಇಲ್ಲಿಯವರೆಗೆ ಬರುವ ದಾರಿಯಲ್ಲಿ ಮುಕ್ಕಾಲು ಶತಮಾನದ ನೀತಿ ಅಡ್ಡ ನಿಂತಿದೆ.

ಹೊರಗಿನ ಮಾಲಿಗೆ ನಾಕಾದಲ್ಲಿ ರೊಕ್ಕ ಕಟ್ಟುವುದು ಈ ಭಾಗಕ್ಕೆ ಹೊಸದೇನಲ್ಲ. ಗುಲಬರ್ಗಾ, ಬೀದರ್, ಯಾದಗಿರಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಸಂಸ್ಥಾನಕ್ಕೆ ತನ್ನದೇ ಸುಂಕ ಇಲಾಖೆ ಇತ್ತು, ಹೆಸರು ಕರೋಡಗಿರಿ. ಬ್ರಿಟಿಷ್ ಇಂಡಿಯಾದ ಕಡೆಯಿಂದ ಒಳಬರುವ ಸರಕಿಗೂ ಅದು ಶೇ. 5ರಷ್ಟು ಸುಂಕ ಹಾಕುತ್ತಿತ್ತು. ಮೋಟಾರು ಗಾಡಿಗಳೆಲ್ಲ ಆಗ ಹೊರಗಿನವೇ. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಇಂಗ್ಲೆಂಡಿನಿಂದ ರೋಲ್ಸ್‌ರಾಯ್ಸ್ ತರಿಸಿದ್ದರು, ಗಾಡಿ ಮುಟ್ಟುವ ಹೊತ್ತಿಗೆ ಅವರೇ ಇರಲಿಲ್ಲ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆ 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರುಮಾಡಿತು. ಆ ಕಾಲದ ಆಲ್ಬಿಯನ್ ಬಸ್ಸುಗಳು ಸ್ಕಾಟ್ಲೆಂಡಿನವು. ಹಣವಿದ್ದವನಿಗೆ ಆಗ ವಿದೇಶಿ ಗಾಡಿಗೆ ಅಡ್ಡಿಯೇ ಇರಲಿಲ್ಲ. ಹಣವಿದ್ದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಮರುವರ್ಷವೇ, 1949ರಲ್ಲಿ, ಕೇಂದ್ರ ಸರ್ಕಾರ ಪೂರ್ಣ ತಯಾರಾದ ಕಾರುಗಳ ಆಮದನ್ನು ನಿಷೇಧಿಸಿತು. ವಿದೇಶಿ ವಿನಿಮಯ ಕೊರತೆಯಿತ್ತು, ದೇಶದಲ್ಲೇ ಕಾರು ತಯಾರಿಕೆ ಬೆಳೆಯಬೇಕೆಂಬ ಹಟವೂ ಇತ್ತು. 1953ರಲ್ಲಿ ಸರ್ಕಾರಕ್ಕೆ ಸುಂಕದ ಸಲಹೆ ಕೊಡುವ ಟ್ಯಾರಿಫ್ ಕಮಿಷನ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಇಲ್ಲೇ ಹಂತಹಂತವಾಗಿ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಣೆ ಮಾಡುವ ಕಂಪನಿಗಳಿಗೆ ಜಾಗವಿಲ್ಲ ಎಂದಿತು. ಜನರಲ್ ಮೋಟರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ಉಳಿದದ್ದು ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್. ದುಡ್ಡು ಕಟ್ಟಿ ವರ್ಷಗಟ್ಟಲೆ ಪಾಳಿ ಕಾಯಬೇಕಿತ್ತು.

ಆ ದಶಕಗಳಲ್ಲಿ ವಿದೇಶಿ ಕಾರು ಕೊಳ್ಳಲು ಇದ್ದದ್ದು ಎರಡು ಸಂದಿ. ರಾಯಭಾರ ಕಚೇರಿಯವರು ಬಳಸಿ ಬಿಟ್ಟ ಗಾಡಿಗಳನ್ನು ಸರ್ಕಾರಿ ಕಂಪನಿಯಾದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹರಾಜು ಹಾಕುತ್ತಿತ್ತು, ಅದು ಒಂದು. ವಿದೇಶದಲ್ಲಿದ್ದು ಕಾಯಂ ಆಗಿ ಮರಳುವವರು ತಮ್ಮ ಸ್ವಂತ ಕಾರು ತರಬಹುದಿತ್ತು, ಅದು ಎರಡನೆಯದು. ಗಲ್ಫ್ ದುಡಿಮೆ ಶುರುವಾದ ಮೇಲೆ ಈ ಭಾಗದ ಕಿವಿಗೆ ಬಿದ್ದು ಇಂದಿಗೂ ಉಳಿದಿರುವುದು ಈ ಎರಡನೆಯ ಸಂದಿಯ ಸುದ್ದಿ. ದಾರಿ ಈಗಲೂ ಇದೆ: ಕನಿಷ್ಠ ಎರಡು ವರ್ಷ ಸತತವಾಗಿ ಹೊರದೇಶದಲ್ಲಿದ್ದಿರಬೇಕು, ಕಾರು ಅಲ್ಲಿ ಕನಿಷ್ಠ ಒಂದು ವರ್ಷ ತಮ್ಮ ಬಳಿ ಇದ್ದಿರಬೇಕು, ಮರಳುವುದು ನೆಲೆಸಲಿಕ್ಕೇ ಆಗಿರಬೇಕು. ಹಾಗಿದ್ದರೆ ಆಮದು ಲೈಸೆನ್ಸ್ ಬೇಡ. ಜನರ ಬಾಯಲ್ಲಿ ಈ ಮಾತು ಸವೆದು ಸವೆದು "ಫಾರಿನ್‌ದಾಗ ಇದ್ದವ್ರಿಗೆ ಟ್ಯಾಕ್ಸ್ ಇಲ್ಲ" ಎಂದಾಗಿಬಿಟ್ಟಿದೆ. ವಿನಾಯಿತಿ ಇರುವುದು ಲೈಸೆನ್ಸಿಗೆ. ಸುಂಕ ಪೂರ್ತಿ ಕಟ್ಟಬೇಕು.

ಇದೇ ಹೊತ್ತಿನಲ್ಲಿ ಅಗ್ಗದ ವಿದೇಶಿ ಕಾರೊಂದು ನಿಜಕ್ಕೂ ನಮ್ಮ ಓಣಿಗಳಿಗೆ ಬಂತು. ಹೆಚ್ಚು ಜನ ಅದನ್ನು ವಿದೇಶಿ ಎಂದು ನೆನೆಯುವುದಿಲ್ಲ ಅಷ್ಟೆ. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಕೀಲಿ ಕೈಬದಲಾದಾಗ ಆ ಕಾರು ಸುಜುಕಿಯ ಜಪಾನಿ ಆಲ್ಟೊ; ಮೊದಮೊದಲಿನವು ಅಲ್ಲಿಂದ ಬಿಡಿಭಾಗಗಳಾಗಿ ಬಂದು ಗುರುಗ್ರಾಮದಲ್ಲಿ ಜೋಡಣೆಯಾದವು. ಸರ್ಕಾರ ಪಾಲುದಾರನಾಗಿ, ಕಾರ್ಖಾನೆ ಕಟ್ಟಿಸಿ, ಭಾಗಗಳನ್ನು ಇಲ್ಲೇ ಮಾಡಿಸುವ ಕರಾರಿನೊಂದಿಗೆ ಬಂದದ್ದರಿಂದ ಅದು ಅಗ್ಗವಾಯಿತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡವೆಂದಾದ ಮೇಲೆ ಕೊರಿಯಾದ ಸ್ಯಾಂಟ್ರೊ, ಮ್ಯಾಟಿಜ್ 1998ರಲ್ಲಿ ಬಂದದ್ದೂ ಹಾಗೆಯೇ. ಮೇಲೆ ಹೇಳಿದ ವೂಲಿಂಗ್ ಕಂಪನಿಯದೇ ಇನ್ನೊಂದು ಪುಟ್ಟ ಕಾರಿನ ರೂಪ 2023ರಲ್ಲಿ ಎಂಜಿ ಕಾಮೆಟ್ ಎಂಬ ಹೆಸರಿನಲ್ಲಿ ಗುಜರಾತಿನ ಹಾಲೋಲ್‌ನಿಂದ ಹೊರಬಂತು, ಆರಂಭಿಕ ಬೆಲೆ 7.98 ಲಕ್ಷ. ಭಾರತಕ್ಕೆ ಅಗ್ಗದ ವಿದೇಶಿ ಕಾರು ಬಂದಾಗಲೆಲ್ಲ ಕಾರ್ಖಾನೆಯ ಬಾಗಿಲಿನಿಂದಲೇ ಬಂದಿದೆ. ಬಂದರಿನ ಬಾಗಿಲನ್ನು ಅದಕ್ಕಾಗಿ ಯಾರೂ ತೆರೆದಿಲ್ಲ.

ತೆರೆದಂತೆ ಕಂಡದ್ದು 2001ರಲ್ಲಿ. ವಿಶ್ವ ವ್ಯಾಪಾರ ಸಂಸ್ಥೆಯ ಒತ್ತಡಕ್ಕೆ ಮಣಿದು ಭಾರತ ಆ ವರ್ಷ ಏಪ್ರಿಲ್‌ನಿಂದ ಉಳಿದ 715 ಬಗೆಯ ಸರಕುಗಳ ಆಮದು ನಿರ್ಬಂಧ ಕೈಬಿಟ್ಟಿತು, ಕಾರುಗಳೂ ಅದರಲ್ಲಿದ್ದವು. ಜಪಾನಿನ ಹಳೇ ಕಾರುಗಳು ಪ್ರವಾಹದಂತೆ ನುಗ್ಗುತ್ತವೆ ಎಂದು ಇಲ್ಲಿನ ಕಂಪನಿಗಳು ಬೆಚ್ಚಿಬಿದ್ದವು. ಆ ಭಯಕ್ಕೆ ಕಾರಣವಿತ್ತು. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಕಡ್ಡಾಯ ತಪಾಸಣೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಪ್ರತಿಸಲದ ಖರ್ಚು ದೊಡ್ಡದು, ಹಾಗಾಗಿ ಅಲ್ಲಿನವರು ಚೆನ್ನಾಗಿರುವ ಗಾಡಿಯನ್ನೇ ಬಿಟ್ಟುಬಿಡುತ್ತಾರೆ. ಅವು ಬಲಬದಿ ಸ್ಟೇರಿಂಗಿನವು, ನಮ್ಮಂತೆ ರಸ್ತೆಯ ಎಡಕ್ಕೆ ಓಡುವಂಥವು. ಪಾಕಿಸ್ತಾನ, ಶ್ರೀಲಂಕಾ, ಕೀನ್ಯಾದ ಬೀದಿಗಳಲ್ಲಿ ಅವೇ ತುಂಬಿವೆ.

ಭಾರತ ನಿಷೇಧ ತೆಗೆದು ಅದರ ಜಾಗದಲ್ಲಿ ಷರತ್ತುಗಳನ್ನು ಇಟ್ಟಿತು. ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟೇರಿಂಗ್ ಬಲಕ್ಕಿರಬೇಕು, ಸ್ಪೀಡೊಮೀಟರ್ ಕಿಲೋಮೀಟರಿನಲ್ಲಿರಬೇಕು, ಹೆಡ್‌ಲೈಟಿನ ಬೆಳಕು ಎಡಕ್ಕೆ ಚಲಿಸುವ ರಸ್ತೆಗೆ ಹೊಂದಬೇಕು. ಇನ್ನೂ ಐದು ವರ್ಷ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ ಬೇಕು. ಇಳಿಸುವುದು ಮುಂಬೈ ಬಂದರಿನಲ್ಲೇ. ಅಲ್ಲಿಂದ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ನಮ್ಮ ಮೋಟಾರು ವಾಹನ ನಿಯಮಗಳಿಗೆ ಒಪ್ಪಬೇಕು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ಮಿತಿ ಜಾರಿಯಲ್ಲಿದೆ ಎಂಬುದನ್ನೂ ಇದಕ್ಕೆ ಸೇರಿಸಿ. ವಿಡಿಯೊಗಳಲ್ಲಿ ಚಿಲ್ಲರೆ ಬೆಲೆಗೆ ಕಾಣುವ ಕಾರುಗಳು ಎಂಟು, ಹತ್ತು, ಹನ್ನೆರಡು ವರ್ಷದವು. ಮೊದಲ ಷರತ್ತಿನಲ್ಲೇ ಅವು ಬಿದ್ದುಹೋಗುತ್ತವೆ. ದುಬೈ, ಸೌದಿಯ ಗಾಡಿಗಳಿಗೆ ಎಡಬದಿ ಸ್ಟೇರಿಂಗ್, ಅವು ಎರಡನೆಯದರಲ್ಲಿ ಬೀಳುತ್ತವೆ.

ಎಲ್ಲ ಷರತ್ತು ಪಾಸಾದ ಗಾಡಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಬಳಸಿದ ಕಾರಿಗೆ ಕಸ್ಟಮ್ಸ್ ಸುಂಕ ಒಟ್ಟು ಶೇ. 137.5. 2025ರ ಬಜೆಟ್‌ನಲ್ಲಿ ಮೂಲ ಸುಂಕ ಶೇ. 125ರಿಂದ 70ಕ್ಕೆ ಇಳಿಯಿತೆಂಬ ಸುದ್ದಿ ಓದಿ ಹಲವರು ಆಸೆಪಟ್ಟಿದ್ದರು. ಅದರ ಜೊತೆಗೇ ಕೃಷಿ ಮೂಲಸೌಕರ್ಯ ಸೆಸ್ ಶೇ. 67.5 ಕೂಡಿಸಿದ್ದರಿಂದ ಒಟ್ಟು ಭಾರ ಇದ್ದಲ್ಲೇ ಉಳಿಯಿತು. ಇನ್ನು, ಸುಂಕವನ್ನು ನೀವು ಕೊಟ್ಟ ಬೆಲೆಯ ಮೇಲೆ ಹಾಕುವುದಿಲ್ಲ. ಕಾರು ಹೊಸದಾಗಿದ್ದಾಗ ಇದ್ದ ಬೆಲೆಯಿಂದ ಸವಕಳಿ ಕಳೆಯುತ್ತಾರೆ: ಮೊದಲ ವರ್ಷ ಮೂರು ತಿಂಗಳಿಗೆ ಶೇ. 4, ಎರಡನೇ ವರ್ಷ ಶೇ. 3, ಮೂರನೇ ವರ್ಷ ಶೇ. 2.5. ಮೂರು ವರ್ಷಕ್ಕೆ ಎಲ್ಲ ಕೂಡಿ ಶೇ. 38. ಹರಾಜಿನಲ್ಲಿ ನೀವು ಅದನ್ನು ಅರ್ಧಕ್ಕೆ ಕೊಂಡಿದ್ದರೂ ಕಸ್ಟಮ್ಸ್ ಲೆಕ್ಕ ಬೇರೆಯೇ.

ಉದಾಹರಣೆಗೆ, ಹೊಸದರಲ್ಲಿ 8 ಲಕ್ಷ ರೂಪಾಯಿ ಬೆಲೆಯ ಪುಟ್ಟ ಕಾರು ಅನ್ನಿ. ಮೂರು ವರ್ಷದ ಸವಕಳಿ ಕಳೆದರೆ ಹೆಚ್ಚುಕಮ್ಮಿ 5 ಲಕ್ಷ. ಹಡಗು, ವಿಮೆಗೆ ಒಂದು ಲಕ್ಷ ಸೇರಿದರೆ 6 ಲಕ್ಷ. ಅದರ ಮೇಲೆ ಸುಂಕ 8.25 ಲಕ್ಷ, ಅಲ್ಲಿಗೆ 14.25 ಲಕ್ಷ. ಇಷ್ಟೂ ಮೊತ್ತದ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿಗೆ ಅದು ಶೇ. 18, ದೊಡ್ಡದಕ್ಕೆ ಶೇ. 40. ಸಣ್ಣದರ ಲೆಕ್ಕ ಹಿಡಿದರೂ 16.8 ಲಕ್ಷ ದಾಟುತ್ತದೆ. ಪುಣೆಯ ಪರೀಕ್ಷೆ, ಮುಂಬೈಯಿಂದ ಸಾಗಣೆ, ನಮ್ಮ ರಾಜ್ಯದ ಆಜೀವ ತೆರಿಗೆ ಇನ್ನೂ ಹೊರಗಿವೆ. 660 ಸಿಸಿ ಕಾರಿಗೆ ಇಷ್ಟು! ಆ ರೊಕ್ಕಕ್ಕೆ ನಮ್ಮ ಶೋರೂಮಿನಲ್ಲಿ ಕಂಪನಿ ವಾರಂಟಿಯೊಂದಿಗೆ ದೊಡ್ಡ ಗಾಡಿಯೇ ಬರುತ್ತದೆ.

2018ರಲ್ಲಿ ಒಂದು ಸಡಿಲಿಕೆ ಬಂತು. ಹೊರದೇಶದಲ್ಲಿ ತಯಾರಾದ ಕಾರುಗಳನ್ನು ಒಂದು ಕಂಪನಿ ವರ್ಷಕ್ಕೆ 2,500ರವರೆಗೆ ಪೂರ್ಣ ಪರೀಕ್ಷೆಯಿಲ್ಲದೆ ತರಬಹುದು ಎಂದು. ಲಾಭವಾದದ್ದು ದುಬಾರಿ ಕಾರಿನ ಗಿರಾಕಿಗಳಿಗೆ. 2025ರ ಜುಲೈನಲ್ಲಿ ಸಹಿಯಾದ ಬ್ರಿಟನ್ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ಕಾರಿನ ಸುಂಕ ಕೋಟಾ ಲೆಕ್ಕದಲ್ಲಿ ಮೆಲ್ಲಗೆ ಶೇ. 10ಕ್ಕೆ ಇಳಿಯುವ ಮಾತಿದೆ, ಅದೂ ಅಗ್ಗದ ಕಾರಿನ ಮಾತಲ್ಲ. ಮೂರು ವರ್ಷದ ಮಿತಿ, ಬಲಬದಿ ಸ್ಟೇರಿಂಗಿನ ನಿಯಮ ನನಗೆ ಸರಿ ಎನಿಸುತ್ತವೆ. ಅವಿಲ್ಲದಿದ್ದರೆ ನಮ್ಮ ದೇಶ ಬೇರೆಯವರು ಬಿಸಾಡಿದ ಗಾಡಿಗಳ ಗುಜರಿಯಾಗುತ್ತಿತ್ತು. ಆದರೆ ಸುಂಕ ಸಡಿಲಿಸುವ ಪ್ರತಿ ಮಾತುಕತೆಯಲ್ಲೂ ಐವತ್ತು ಲಕ್ಷದ ಕಾರಿನವನಿಗೆ ಕುರ್ಚಿ ಸಿಗುತ್ತದೆ, ಐದು ಲಕ್ಷದವನಿಗೆ ಸಿಗುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ.

ನೆಟ್ಟಗಿನ ದಾರಿ ಇಷ್ಟು ದುಬಾರಿಯಾದಾಗ ಕಳ್ಳದಾರಿ ಹುಟ್ಟುತ್ತದೆ. ಪ್ರವಾಸಿಗರು ತಮ್ಮ ಗಾಡಿಯನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ತರಲು ಕಾರ್ನೆ ಎಂಬ ಪರವಾನಗಿ ಇದೆ, ಆರು ತಿಂಗಳ ಅವಧಿ ಮುಗಿದ ಮೇಲೆ ಗಾಡಿ ವಾಪಸ್ ಹೋಗಲೇಬೇಕು. ಹೋಗದೆ ಉಳಿದ, ಕೈಬದಲಾದ ಗಾಡಿಗಳ ಪ್ರಕರಣಗಳು ದೇಶದಲ್ಲಿ ಆಗಿವೆ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ನಡೆಸಿದ 'ಆಪರೇಷನ್ ನುಮ್‌ಖೋರ್' ಎಲ್ಲರಿಗೂ ನೆನಪಿದೆ. ಭೂತಾನ್‌ನಿಂದ ಹಳೇ ಗಾಡಿಗಳನ್ನು ಕಳ್ಳಸಾಗಣೆ ಮಾಡಿ, ಸುಳ್ಳು ಕಾಗದ ಹುಟ್ಟಿಸಿ, ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸಿ ದಕ್ಷಿಣಕ್ಕೆ ಮಾರಿದ್ದಾರೆ ಎಂಬುದು ಆರೋಪ. ಅಂಥ ಗಾಡಿಗಳ ಆರ್‌ಸಿ ನೋಡಲು ಅಪ್ಪಟವಾಗಿಯೇ ಇರುತ್ತದೆ, ಕೊಳ್ಳುವವನನ್ನು ಬೀಳಿಸುವುದು ಅದೇ. ಕಳ್ಳಸಾಗಣೆಯ ಗಾಡಿಯನ್ನು ಜಪ್ತಿ ಮಾಡುವ ಅಧಿಕಾರ 1962ರ ಕಸ್ಟಮ್ಸ್ ಕಾಯ್ದೆಯಲ್ಲಿದೆ. "ನನಗೆ ಗೊತ್ತಿರಲಿಲ್ಲ" ಎಂದು ಸಾಬೀತು ಮಾಡುವಷ್ಟರಲ್ಲಿ ಗಾಡಿ ಯಾವುದೋ ಯಾರ್ಡಿನಲ್ಲಿ ತುಕ್ಕು ಹಿಡಿಯುತ್ತಿರುತ್ತದೆ.

ಕಾನೂನು ಬದಿಗಿಟ್ಟರೂ ರಿಪೇರಿಯ ಪ್ರಶ್ನೆ ಉಳಿಯುತ್ತದೆ. ದೇವೂ ಕಂಪನಿ ಮುಳುಗಿದಾಗ ಸಿಯೆಲೊ, ಮ್ಯಾಟಿಜ್ ಇಟ್ಟುಕೊಂಡವರು ಬಿಡಿಭಾಗಕ್ಕೆ ಅಲೆದರು. ಷೆವರ್ಲೆ 2017ರ ಕೊನೆಗೆ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾದ ಕಾರುಗಳ ಪಾಡೇ ಇದಾದರೆ, ಇಡೀ ಜಿಲ್ಲೆಗೆ ಒಂದೇ ಇರುವ ಕಾರಿನ ಮುಂದಿನ ಗಾಜು ಒಡೆದಾಗ ಶಹಾಪುರದ ಮೆಕ್ಯಾನಿಕ್ ಏನು ಮಾಡಿಯಾನು?

ನಮ್ಮ ಭಾಗಕ್ಕೆ ಹೊರಗಿನಿಂದ ನಿಜವಾಗಿ ಬರುತ್ತಿರುವ ಅಗ್ಗದ ಕಾರುಗಳೆಂದರೆ ದೆಹಲಿಯವು. ಅಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದದ್ದು 2015ರ ಹಸಿರು ನ್ಯಾಯಮಂಡಳಿಯ ಆದೇಶದಿಂದ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಅಲ್ಲಿ ಬೆಲೆ ಕುಸಿಯಿತು. ಇದು ಕಾನೂನುಬದ್ಧ ವ್ಯವಹಾರವೇ. ಅಲ್ಲಿನ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ ಕಲಬುರಗಿಯ ಕೆಎ-32, ಯಾದಗಿರಿಯ ಕೆಎ-33 ಇಲ್ಲವೇ ಬೀದರಿನ ಕೆಎ-38 ನಂಬರಿಗೆ ಬದಲಿಸಬೇಕು. ಹೊರರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಜಹೀರಾಬಾದ್, ಉದಗೀರ್, ಸೊಲ್ಲಾಪುರದಿಂದ ಗಾಡಿ ತರುವ ಬೀದರ್, ಆಳಂದದವರಿಗೂ ಇದೇ ನಿಯಮ. ತೆರಿಗೆ ಕೇಳಿಕೊಂಡು ಆಮೇಲೆ ಬೆಲೆ ಮಾತಾಡುವುದು ಒಳ್ಳೆಯದು.

ಇಷ್ಟೆಲ್ಲ ನಿಯಮ ಇರುವುದು ದೆಹಲಿಯ ಇಂಗ್ಲಿಷ್ ಸುತ್ತೋಲೆಗಳಲ್ಲಿ. ಸರಳ ಕನ್ನಡದಲ್ಲಿ ಒಂದು ಪುಟ ಬರೆದು ಆರ್‌ಟಿಒ ಕಚೇರಿಯ ಗೋಡೆಗೆ ಅಂಟಿಸಿದ್ದರೆ ಎಷ್ಟೋ ಮನೆಗಳ ಗಲ್ಫ್ ದುಡಿಮೆ ಉಳಿಯುತ್ತಿತ್ತು. ಅದಿಲ್ಲದ್ದರಿಂದ ಜನಕ್ಕೆ ನಿಯಮ ಹೇಳುವವನು ಕಮಿಷನ್ ತಿನ್ನುವ ಏಜೆಂಟನೇ ಆಗಿದ್ದಾನೆ.

ಯಾರಾದರೂ ವಿದೇಶಿ ಗಾಡಿ ತೋರಿಸಿದರೆ ಆರ್‌ಸಿಗಿಂತ ಮೊದಲು ಬಿಲ್ ಆಫ್ ಎಂಟ್ರಿ ಕೇಳಿ. ಬಂದರಿನಲ್ಲಿ ಸುಂಕ ಕಟ್ಟಿ ಬಿಡಿಸಿಕೊಂಡದ್ದಕ್ಕೆ ಅದೇ ದಾಖಲೆ. ಆಮದಾದ ಗಾಡಿಯ ಮೊದಲ ನೋಂದಣಿಗೆ ಕಸ್ಟಮ್ಸ್ ಬಿಡುಗಡೆ ಪತ್ರ ಕಡ್ಡಾಯವೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಬಿಲ್ ಆಫ್ ಎಂಟ್ರಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೈಮೇಲಿನದಕ್ಕೆ ಹೋಲಿಸಿ, ಪರಿವಾಹನ್ ಜಾಲತಾಣದಲ್ಲಿ ನೋಂದಣಿಯ ವಿವರ ನೋಡಿ. "ಕಸ್ಟಮ್ಸ್ ಜಪ್ತಿ ಮಾಲು, ಇವತ್ತೇ ಟೋಕನ್ ಹಾಕ್ರಿ" ಎಂದು ಫೋನಿನಲ್ಲಿ ಅವಸರ ಮಾಡುವವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಈಗಾಗಲೇ ಹಾಕಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ರೊಕ್ಕ ಮುಂದಿನ ಖಾತೆಗೆ ದಾಟುವ ಮೊದಲು ದೂರು ಹೋದರೆ ಬ್ಯಾಂಕಿನಲ್ಲೇ ಅದನ್ನು ತಡೆಹಿಡಿಯಲು ಸಾಧ್ಯವಿದೆ.