ಶೂ ಹೊಸದು, ಬ್ರೇಕ್ ಮಾತ್ರ ಹಳೇದೇ

ಹೋದ ತಿಂಗಳು ಆಲ್ದೂರು ಕಡೆಯ ಒಬ್ಬ ಹುಡುಗ ಅಜ್ಜನ ಕಾಲದ ಯೆಜ್ಡಿ ಬೈಕ್ ತಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಒಳಗೆ ಮೂರು ಜೊತೆ ಬ್ರೇಕ್ ಶೂ, ಅಂದರೆ ಚಕ್ರದ ನಡುವಿನ ಡಬ್ಬಿಯಂಥ ಡ್ರಮ್ಮಿನ ಒಳಗೋಡೆಗೆ ಒತ್ತಿ ಗಾಡಿ ನಿಲ್ಲಿಸುವ ಕಮಾನಿನಂಥ ತುಂಡುಗಳು. ಒಂದೂ ಸರಿಯಾಗಿ ಸವೆದಿಲ್ಲ.

“ಒಂದೇ ವರ್ಷದಲ್ಲಿ ಮೂರು ಜೊತೆ ಹಾಕಿದೆ ಅಣ್ಣಾ, ಆದ್ರೂ ಬ್ರೇಕ್ ಹಿಡೀತಿಲ್ಲ. ನಾಲ್ಕನೇದು ಒರಿಜಿನಲ್ ಸಿಕ್ಕಿದೆ. ಇದನ್ನ ಹಾಕಿಕೊಡಿ.”

ಚಿಕ್ಕಮಗಳೂರಿನಲ್ಲಿ ಹಳೇ ಗಾಡಿ ರಿಪೇರಿ ಮಾಡಿಕೊಂಡು ಬಂದವನು ನಾನು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬುಲೆಟ್ ಇರಲಿ, ರಾಜದೂತ್ ಇರಲಿ, ಆರ್‌ಎಕ್ಸ್ 100 ಇರಲಿ, ಬ್ರೇಕ್ ಹಿಡಿಯದಿದ್ದರೆ ಎಲ್ಲರೂ ಮೊದಲು ಓಡುವುದು ಸ್ಪೇರ್ ಪಾರ್ಟ್ಸ್ ಅಂಗಡಿಗೆ. ಡೊಂಕು ಹಂಚಿನ ಮೇಲೆ ಅಕ್ಕಿ ರೊಟ್ಟಿ ತಟ್ಟಿದರೆ ಒಂದು ಕಡೆ ಸೀಯುತ್ತದೆ, ಇನ್ನೊಂದು ಕಡೆ ಹಸಿ. ಆಗ ಹಿಟ್ಟು ಬದಲಿಸಿದರೆ ಹಂಚು ನೆಟ್ಟಗಾಗುತ್ತಾ?

ಎಸ್ಟೇಟ್ ಹುಡುಗರಿಗೆ ಈಗ ಹಳೇ ಗಾಡಿಯಲ್ಲಿ ಟ್ರಯಲ್ಸ್ ಆಡುವ ಹುಚ್ಚು ಹತ್ತಿದೆ. ವೇಗ ಇಲ್ಲಿ ಲೆಕ್ಕಕ್ಕಿಲ್ಲ. ಬಂಡೆ, ಹಳ್ಳ, ಬೇರು, ಜಾರುವ ದರೆ, ಇವುಗಳ ನಡುವೆ ಕಾಲು ನೆಲಕ್ಕೆ ಊರದೆ ದಾಟಬೇಕು. ಒಂದು ಸಲ ಊರಿದರೆ ಒಂದು ಅಂಕ ದಂಡ, ಪೂರ್ತಿ ಕೆಟ್ಟರೆ ಐದು. ಒಳ್ಳೆಯ ಆಟ. ಆದರೆ ಬರುವವರೆಲ್ಲ ಡ್ರಮ್ ಬ್ರೇಕನ್ನು ಬೈದುಕೊಂಡೇ ಬರುತ್ತಾರೆ. “ಡಿಸ್ಕ್ ಹಾಕಿಬಿಡಿ” ಅನ್ನುತ್ತಾರೆ. 1952ರಲ್ಲಿ ಸ್ಕಾಟ್ಲೆಂಡಿನ ಆರು ದಿನದ ಟ್ರಯಲ್ಸ್ ಗೆದ್ದ ಜಾನಿ ಬ್ರಿಟನ್ ಓಡಿಸಿದ್ದು ರಾಯಲ್ ಎನ್‌ಫೀಲ್ಡ್ ಬುಲೆಟ್ಟನ್ನೇ. 1965ರಲ್ಲಿ ಸ್ಯಾಮಿ ಮಿಲ್ಲರ್ ಗೆದ್ದದ್ದು ಬುಲ್ಟಾಕೊ ಗಾಡಿಯಲ್ಲಿ. ಎರಡಕ್ಕೂ ಡ್ರಮ್ಮೇ ಇದ್ದದ್ದು.

ಆಲ್ದೂರಿನ ಹುಡುಗನ ಎದುರಿಗೇ ಚಕ್ರ ಬಿಚ್ಚಿದೆ. ಹೊಸ ಶೂಗಳ ಲೈನಿಂಗ್, ಅಂದರೆ ಡ್ರಮ್ಮಿಗೆ ಉಜ್ಜುವ ಪದರದ ಮೇಲೆ ಸೀಮೆಸುಣ್ಣ ಬಳಿದೆ. ಮತ್ತೆ ಜೋಡಿಸಿ, ಚಕ್ರ ತಿರುಗಿಸಿ, ಮೆಲ್ಲಗೆ ಬ್ರೇಕ್ ಒತ್ತಿ, ಬಿಚ್ಚಿ ತೋರಿಸಿದೆ. ಒಂದೊಂದು ಶೂನಲ್ಲೂ ಸುಣ್ಣ ಅಳಿಸಿದ್ದು ನಡುವೆ, ಎರಡು ಹೆಬ್ಬೆರಳಿನಗಲ. ಉಳಿದದ್ದೆಲ್ಲ ಬಿಳಿಯಾಗೇ ಇತ್ತು. ಅವನು ದುಡ್ಡು ಕೊಟ್ಟು ತಂದ ಲೈನಿಂಗ್‌ನ ಮುಕ್ಕಾಲು ಪಾಲು ಡ್ರಮ್ಮಿನ ಮುಖವನ್ನೇ ನೋಡಿರಲಿಲ್ಲ.

ಯಾಕೆ ಹೀಗೆ ಅಂತ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಯಾಕಂದ್ರೆ ತಪ್ಪುವುದೆಲ್ಲ ಇಲ್ಲೇ. ಹಳೇ ಡ್ರಮ್ ಸವೆದು ಗೀರು ಬಿದ್ದಿರುತ್ತದೆ. ಯಾರೋ ಲೇತ್‌ಗೆ ಕೊಟ್ಟು ಒಂದು ಮಿಲಿಮೀಟರ್ ಕೆತ್ತಿಸಿರುತ್ತಾರೆ. ಈಗ ಡ್ರಮ್ಮಿನ ಒಳಸುತ್ತು ದೊಡ್ಡದಾಯಿತು. ಅಂಗಡಿಯ ಶೂ ಮಾತ್ರ ಮೊದಲಿನ ಅಳತೆಯದ್ದೇ. ಸಣ್ಣ ಬಳೆಯ ತುಂಡನ್ನು ದೊಡ್ಡ ಬಳೆಯ ಒಳಗೆ ಇಟ್ಟು ನೋಡಿ, ನಡುವೆ ಮಾತ್ರ ತಾಗುತ್ತದೆ. ಶೂನ ಬಾಗು ಡ್ರಮ್ಮಿಗಿಂತ ದೊಡ್ಡದಾಗಿದ್ದರೆ ಎರಡು ತುದಿ ಮಾತ್ರ ತಾಗುತ್ತವೆ. ಆಗ ಬ್ರೇಕ್ ತಟಕ್ಕನೆ ಕಚ್ಚುತ್ತದೆ, ಟ್ರಯಲ್ಸ್‌ನಲ್ಲಿ ಅದು ಹಿಡಿಯದ್ದಕ್ಕಿಂತ ಕೆಟ್ಟದ್ದು. ಎರಡರಲ್ಲೂ ಲಿವರ್ ಸ್ಪಂಜಿನ ಹಾಗೆ ಮೆತ್ತಗಿರುತ್ತದೆ. ಜನ ಅದನ್ನು ಕೇಬಲ್ ದೋಷ ಅಂದುಕೊಳ್ಳುತ್ತಾರೆ.

“ಓಡಿಸ್ತಾ ಓಡಿಸ್ತಾ ಕೂರುತ್ತೆ ಬಿಡಿ ಅಣ್ಣಾ” ಅನ್ನುವವರಿದ್ದಾರೆ. ರಸ್ತೆ ಗಾಡಿಯಾದರೆ ಕೂರಬಹುದು. ಟ್ರಯಲ್ಸ್ ಗಾಡಿ ನಡೆಯುವ ವೇಗದಲ್ಲಿ ಓಡುತ್ತದೆ, ಶೂ ಉಜ್ಜಿ ಸವೆಯುವಷ್ಟು ಕೆಲಸವೇ ಅದಕ್ಕಿಲ್ಲ. ಅಷ್ಟರಲ್ಲಿ ತಾಗಿದ ಜಾಗ ಮಾತ್ರ ಉಜ್ಜಿ ಉಜ್ಜಿ, ಗಾಜಿನ ಹಾಗೆ ಮಿರುಗಿ, ಜಾರತೊಡಗುತ್ತದೆ. ಆಮೇಲೆ ಮತ್ತೆ ಹೊಸ ಶೂ.

ಹಾಗಾದರೆ ಏನು ಮಾಡಬೇಕು? ಸ್ವಲ್ಪ ದಪ್ಪ ಲೈನಿಂಗ್ ಹಾಕಿಸಿ, ಶೂಗಳನ್ನು ಅವು ಕೂರುವ ಬ್ರೇಕ್ ಪ್ಲೇಟಿನ ಮೇಲೇ ಕೂರಿಸಿ, ಬ್ರೇಕ್ ಒತ್ತಿದಾಗ ತಿರುಗಿ ಶೂಗಳನ್ನು ಅಗಲಿಸುವ ಕ್ಯಾಮ್ ಹತ್ತಿರ ತೆಳು ತಗಡು ಕೊಟ್ಟು ತುಸು ಅಗಲಿಸಿ, ಪ್ಲೇಟ್ ಸಮೇತ ಲೇತ್‌ನಲ್ಲಿ ಡ್ರಮ್ಮಿನ ಅಳತೆಗೆ ತಿರುವಬೇಕು. ತಗಡಿನ ದಪ್ಪ ಗಾಡಿಯಿಂದ ಗಾಡಿಗೆ ಬೇರೆ, ಇಲ್ಲಿ ಒಂದು ಅಂಕಿ ಹೇಳಿ ನಿಮ್ಮನ್ನು ಕೆಡಿಸುವುದಿಲ್ಲ. ತಿರುವಿ ಆದಮೇಲೆ ತಗಡು ತೆಗೆಯಲೇಬೇಕು. ಹಳೇ ಲೈನಿಂಗ್‌ನಲ್ಲಿ ಕಲ್ನಾರು ಇರುತ್ತದೆ. ಆ ಧೂಳನ್ನು ಬಾಯಲ್ಲಿ ಊದಬೇಡಿ, ಏರ್ ಹೊಡೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿ. ನನ್ನ ಗುರುಗಳು ಊದುತ್ತಲೇ ಇದ್ದರು. ಅವರ ಕೆಮ್ಮು ಯಾವುದರಿಂದ ಬಂತು ಅಂತ ಹೇಳಲು ನಾನು ಡಾಕ್ಟರ್ ಅಲ್ಲ. ಆದರೂ ನಾನು ಊದುವುದಿಲ್ಲ.

ಯೆಜ್ಡಿಗೆ ಇಷ್ಟೇ ಸಾಲಲಿಲ್ಲ. ಡ್ರಮ್ ದುಂಡಗೇ ಇರಲಿಲ್ಲ. ವಿಚಾರಿಸಿದರೆ, ಮೊದಲು ಡ್ರಮ್ ಕೆತ್ತಿಸಿ, ಆಮೇಲೆ ಹೊಸ ಸ್ಪೋಕ್ ಹಾಕಿಸಿದ್ದಾರೆ. ಇದು ಹಿಂದುಮುಂದು. ಸ್ಪೋಕ್‌ಗಳನ್ನು ಬಿಗಿದಾಗ ಅವು ಹಬ್ ಅನ್ನು, ಅಂದರೆ ಚಕ್ರದ ನಡುಭಾಗವನ್ನು, ಎಳೆಯುತ್ತವೆ, ಡ್ರಮ್ ಕೂದಲೆಳೆಯಷ್ಟು ಮೊಟ್ಟೆಯಾಗುತ್ತದೆ. ಬ್ರೇಕ್ ಒತ್ತಿದಾಗ ಲಿವರ್ ಬೆರಳಿಗೆ ತಟತಟ ಅಂತ ಬಡಿಯುವುದು ಅದಕ್ಕೇ. ಮೊದಲು ಸ್ಪೋಕ್ ಬಿಗಿಸಿ, ರಿಮ್ಮಿನ ಬೆಂಡ್ ತೆಗೆಸಿ, ಆಮೇಲೆ ಚಕ್ರದ ಸಮೇತ ಡ್ರಮ್ ಕೆತ್ತಿಸಿ, ಕೊನೆಗೆ ಆ ಅಳತೆಗೆ ಶೂ. ಇಡೀ ಚಕ್ರ ಹಿಡಿಯುವ ಲೇತ್ ಎಲ್ಲ ಕಡೆ ಇಲ್ಲ, ಹಾಸನದವರೆಗೂ ಹೊತ್ತುಕೊಂಡು ಹೋಗಿದ್ದೇನೆ. ಡ್ರಮ್ಮಿನ ಮೇಲೆ ಗರಿಷ್ಠ ಅಳತೆ ಬರೆದಿದ್ದರೆ ಅದನ್ನು ದಾಟಬೇಡಿ. ತೀರಾ ತೆಳುವಾದ ಡ್ರಮ್ ಬಿರುಕು ಬಿಟ್ಟರೆ ಯಾರೂ ಜವಾಬ್ದಾರಿ ತಗೊಳ್ಳಲ್ಲ, ನಾನೂ ತಗೊಳ್ಳಲ್ಲ.

ಚಕ್ರ ಕೂರಿಸುವಾಗ ಎಕ್ಸಲ್ ನಟ್ ಸಡಿಲ ಇರಲಿ. ಚಕ್ರ ತಿರುಗಿಸಿ ಬ್ರೇಕ್ ಬಲವಾಗಿ ಹಿಡಿದು, ಹಿಡಿದಂತೆಯೇ ನಟ್ ಬಿಗಿ ಮಾಡಿ. ಪ್ಲೇಟ್ ತಾನಾಗಿ ನಡುವಿಗೆ ಬರುತ್ತದೆ. ಕೇಬಲ್ಲೂ ಕ್ಯಾಮ್ ಲಿವರ್ರೂ ಬ್ರೇಕ್ ಹಿಡಿಯುವ ಹೊತ್ತಿಗೆ ಸುಮಾರು 90 ಡಿಗ್ರಿಯಲ್ಲಿ ಇರಬೇಕು. ಲೈನಿಂಗ್ ಸವೆದಂತೆ ಕೇಬಲ್ಲಿನ ನಟ್ ತಿರುವಿ ತಿರುವಿ ಆ ಕೋನವನ್ನೇ ಹಾಳು ಮಾಡಿಕೊಂಡವರಿದ್ದಾರೆ. ಎಷ್ಟು ಒತ್ತಿದರೂ ಬಲ ಶೂಗೆ ಹೋಗುವುದಿಲ್ಲ.

ಇನ್ನೊಂದು ಹುಚ್ಚು ಇದೆ. ರೇಸ್ ಗಾಡಿಯ ಫೋಟೋ ನೋಡಿ ಒಬ್ಬ ಬ್ರೇಕ್ ಪ್ಲೇಟಿಗೆ ಹನ್ನೆರಡು ತೂತು ಕೊರೆಸಿಕೊಂಡ. ಗಾಳಿ ಆಡಲಿ ಅಂತ. ರೇಸಿನಲ್ಲಿ ಡ್ರಮ್ ಕಾಯುತ್ತದೆ, ಅಲ್ಲಿ ಗಾಳಿ ಬೇಕು. ಟ್ರಯಲ್ಸ್‌ನಲ್ಲಿ ಡ್ರಮ್ ಕಾಯುವುದು ಕಮ್ಮಿ, ಒದ್ದೆಯಾಗುವುದೇ ಜಾಸ್ತಿ. ನಮ್ಮಲ್ಲಿ ಜುಲೈ ತಿಂಗಳು ಅಂದರೆ ಕೇಳಬೇಕಾ. ಅವನು ಮೊದಲನೇ ಹಳ್ಳ ದಾಟಿದ, ಆಚೆ ದಡದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ, ಗಾಡಿ ಸೀದಾ ಕಾಫಿ ಗಿಡಗಳ ಒಳಗೆ. ಅವನಿಗೇನೂ ಆಗಲಿಲ್ಲ. ಗಿಡದ ಯಜಮಾನರು ಮಾತ್ರ ಇನ್ನೂ ಅವನ ಹತ್ತಿರ ಮಾತಾಡುತ್ತಿಲ್ಲ. ತೂತುಗಳಿಗೆ ರಿವೆಟ್ ಹೊಡೆದು ಮುಚ್ಚಿಕೊಟ್ಟೆ. ನೀರು ದಾಟಿದ ಮೇಲೆ ಹತ್ತಿಪ್ಪತ್ತು ಮೀಟರ್ ಬ್ರೇಕ್ ಲಘುವಾಗಿ ಒತ್ತಿಕೊಂಡೇ ಹೋದರೆ ಒಣಗುತ್ತದೆ.

ಎರಡೂ ಶೂ ಮುಂದೊತ್ತುವ ಬ್ರೇಕ್ ಕೇಳುವವರಿಗೂ ಒಂದು ಮಾತು. ರಾಜದೂತ್ 350ಯ ಮುಂದಿನ ಚಕ್ರದಲ್ಲಿ ಇರುವಂಥದ್ದು. ಚಕ್ರ ಮುಂದೆ ತಿರುಗುವಾಗ ಡ್ರಮ್ಮೇ ಆ ಶೂಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಹಿಡಿತ ಜೋರು. ಹಿಂದಕ್ಕೆ ತಿರುಗಿದರೆ ಅದೇ ಡ್ರಮ್ ಎರಡನ್ನೂ ದೂರ ತಳ್ಳುತ್ತದೆ. ದರೆ ಹತ್ತುವಾಗ ನಡುವೆ ಗಾಡಿ ನಿಂತಿತು ಅನ್ನಿ, ಮುಂದಿನ ಬ್ರೇಕ್ ನಂಬಿದರೆ ಹಿಂದಕ್ಕೆ ಜಾರುತ್ತೀರಿ. ಬಂಡೆ ಹತ್ತಿಸುವವರಿಗೆ ಒಂದೇ ಶೂ ಮುಂದೊತ್ತುವ ಹಳೇ ಬ್ರೇಕೇ ವಾಸಿ, ಶೂ ಪೂರ್ತಿ ತಾಗುತ್ತಿದ್ದರೆ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಯೆಜ್ಡಿ ಮುಗಿಸಿ ಕೊಟ್ಟ ಮೂರನೇ ದಿನ ಹುಡುಗನ ಬದಲು ಅಜ್ಜ ಬಂದರು. ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಈ ಗಾಡಿಯನ್ನು ಹೊಸದಾಗಿ ಕೊಂಡವರೇ ಅವರು. ಕಾಲು ಕೇಜಿ ಕಾಳುಮೆಣಸು ಮೇಜಿನ ಮೇಲೆ ಇಟ್ಟು, “ಏನಪ್ಪಾ ಮಾಡಿದ್ದೀಯ? ಬೆರಳು ಮುಟ್ಟಿಸಿದರೆ ಸಾಕು, ನಿಲ್ತದೆ. ನನಗೆ ಅಭ್ಯಾಸ ಇಲ್ಲ, ಸ್ವಲ್ಪ ಲೂಸ್ ಮಾಡಿಕೊಡು” ಅಂದರು.

ಅರ್ಧ ಸುತ್ತು ಲೂಸ್ ಮಾಡಿಕೊಟ್ಟೆ. ಮಾರನೇ ದಿನ ಮೊಮ್ಮಗ ಬಂದು ಮತ್ತೆ ಟೈಟ್ ಮಾಡಿಸಿಕೊಂಡು ಹೋದ.