ಮೊಳದುದ್ದದ ಹುಡುಗ ಇಂಗ್ಲಿಷಿಗೆ ಹೋದದ್ದು

ಮೊಳದಷ್ಟು ಪುಟ್ಟವನು, ಹಕ್ಕಿಯ ಹಾಗೆ ಗೆಲುವಾದವನು, ಕ್ರಾಲ್ಯೆವಿಚ್ ಮಾರ್ಕೊನಷ್ಟು ಧೈರ್ಯವಂತ, ಪುಸ್ತಕದಷ್ಟು ಜಾಣ, ಸೂರ್ಯನಷ್ಟು ಒಳ್ಳೆಯವನು. ಕ್ರೊವೇಷಿಯಾದ ಮಕ್ಕಳ ಕಾದಂಬರಿಯೊಂದರ ಹುಡುಗ ಹ್ಲಾಪಿಚ್ ನಮಗೆ ಪರಿಚಯವಾಗುವುದು ಹೀಗೆ.

ಮೂಲದಲ್ಲಿ ಮೊಳದ ಜಾಗದಲ್ಲಿರುವುದು ‘ಲಾಕತ್’. ಅದು ಮೊಣಕೈಯೂ ಹೌದು, ಬಟ್ಟೆ ಅಳೆಯುವ ಹಳೇ ಅಳತೆಯೂ ಹೌದು. ನಮಗೆ ಇದು ಸಲೀಸು. ಮಲ್ಲಿಗೆ ಮಾರುವವರು ಈಗಲೂ ಕೈಯಲ್ಲೇ ಮೊಳ ಹಾಕುತ್ತಾರೆ, ಅಲ್ವಾ? ಇಂಗ್ಲಿಷ್ ಮಗುವಿಗೆ ಮೊಣಕೈ ಬರೀ ಮೊಣಕೈ. ಇನ್ನು ಮಾರ್ಕೊ ದಕ್ಷಿಣ ಸ್ಲಾವ್ ಜನರ ಲಾವಣಿಗಳ ವೀರ. ನಮ್ಮಲ್ಲಿ ‘ಭೀಮನ ಹಾಗೆ’ ಅಂದಂತೆ. ಅನುವಾದ ಮಾಡುವವರಿಗೆ ಒಂದೇ ಸಾಲಿನಲ್ಲಿ ಎರಡು ಕಡೆ ಮುಳ್ಳು.

ಇದನ್ನು ಬರೆದವರು ಇವಾನಾ ಬರ್ಲಿಚ್ ಮಜುರಾನಿಚ್. ಪುಸ್ತಕ ಬಂದದ್ದು 1913ರಲ್ಲಿ. ಕ್ರೊವೇಷಿಯಾ ಆಗ ಆಸ್ಟ್ರಿಯಾ–ಹಂಗೇರಿಯ ಆಳ್ವಿಕೆಯಲ್ಲಿತ್ತು. ಕಥೆ ಇಷ್ಟೆ: ಶ್ರೀಮಂತರ ಮಗನಿಗೆ ಹೊಲಿದ ಬೂಟು ಬಿಗಿಯಾಗುತ್ತದೆ. ಬೂಟು ಹೊಲಿಯುವ ಯಜಮಾನ ಆ ಸಿಟ್ಟನ್ನು ಕೆಲಸ ಕಲಿಯಲು ಬಂದ ಹುಡುಗ ಹ್ಲಾಪಿಚ್‌ನ ಮೇಲೆ ತೀರಿಸಿಕೊಳ್ಳುತ್ತಾನೆ. ಹುಡುಗ ಅದೇ ಬೂಟು ಮೆಟ್ಟಿಕೊಂಡು ಮನೆ ಬಿಡುತ್ತಾನೆ. ಮುಂದೆ ಏಳು ದಿನದ ಅಲೆದಾಟ.

ಇದೇ ಲೇಖಕಿಯ 1916ರ ಜನಪದ ಛಾಯೆಯ ಕಥೆಗಳು ಎಂಟೇ ವರ್ಷದಲ್ಲಿ, 1924ಕ್ಕೆ, ಲಂಡನ್ನಿನಲ್ಲಿ ಇಂಗ್ಲಿಷಾದವು. ಅನುವಾದಿಸಿದವರು ಫ್ಯಾನಿ ಕೋಪ್‌ಲ್ಯಾಂಡ್. ಲೇಖಕಿಯ ಹೆಸರು ನೊಬೆಲ್‌ಗೂ ನಾಲ್ಕು ಸಲ ಹೋಯಿತು. ಹ್ಲಾಪಿಚ್ ಮಾತ್ರ 1970ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ಹತ್ತಿರ ಹತ್ತಿರ ಅರುವತ್ತು ವರ್ಷ! ನನಗನ್ನಿಸುವುದು ಇಷ್ಟು: ಯಕ್ಷಿಣಿ, ದೈತ್ಯರ ಕಥೆಗೆ ‘ದೂರದ ದೇಶದ್ದು’ ಅನ್ನುವುದೇ ಆಕರ್ಷಣೆ. ಬೂಟು ಹೊಲಿಯುವ ಹುಡುಗನಿಗೆ ಆ ಅನುಕೂಲ ಇಲ್ಲ.

ಬಂದಾಗಲೂ ಹೆಸರು ಸವೆದಿತ್ತು. 1972ರ ಆವೃತ್ತಿಯ ಹೆಸರಲ್ಲಿ ಅವನು ‘ಲಾಪಿಚ್’. ಮೊದಲ ‘ಹ’ಕಾರ ಉದುರಿದೆ, ಯಾಕೆಂದರೆ ಇಂಗ್ಲಿಷ್ ಪದ ‘ಹ್ಲ’ದಿಂದ ಶುರುವಾಗುವುದಿಲ್ಲ. ನಾವು ಆಹ್ಲಾದ, ಪ್ರಹ್ಲಾದ ಎಂದು ಬರೆಯುವವರು, ನಗಬಹುದು. (ಆದರೆ ಬಾಯಲ್ಲಿ ‘ಪ್ರಲ್ಹಾದ’ ಅನ್ನುವವರೂ ನಾವೇ.) ಮೂಲದ ಶೀರ್ಷಿಕೆಯಲ್ಲಿದ್ದ ‘ಶೆಗರ್ತ್’, ಅಂದರೆ ಕಸುಬು ಕಲಿಯುವ ಹುಡುಗ, ಆ ಪದವೂ ಇಲ್ಲಿಲ್ಲ. ತುರ್ಕಿಯ ಮೂಲಕ ಅಲ್ಲಿಗೆ ಹೋದ ಪರ್ಷಿಯನ್ ಪದ ಅದು. ಹಿಂದೂಸ್ತಾನಿ ಸಂಗೀತದವರ ‘ಶಾಗಿರ್ದ್’, ಅಂದರೆ ಶಿಷ್ಯ, ಅದರದೇ ನೆಂಟ. ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ಉಳಿದ ಹೆಸರುಗಳೂ ಸುಮ್ನೆ ಇಟ್ಟವಲ್ಲ. ಯಜಮಾನ ಮರ್ಕೊನ್ಯಾ ಅಂದರೆ ಗಂಟುಮೋರೆಯವ. ನಾಯಿ ಬುಂದಾಶ್‌ನ ಹೆಸರಲ್ಲಿ ತುಪ್ಪಳದ ಕೋಟು ಇದೆ. ನಮ್ಮಲ್ಲಾದರೆ ‘ಜೂಲ’ ಅಂತ ಕರೆಯುತ್ತಿದ್ದರೇನೋ. ಹೆಸರನ್ನು ಹಾಗೇ ಬಿಟ್ಟರೆ ಅರ್ಥ ಹೋಗುತ್ತದೆ, ಅರ್ಥ ತಂದರೆ ಊರು ಹೋಗುತ್ತದೆ.

1997ರಲ್ಲಿ ಮಿಲಾನ್ ಬ್ಲಾಜೆಕೊವಿಚ್ ಅನಿಮೇಷನ್ ಚಿತ್ರ ಮಾಡಿದರು. ಅದರಲ್ಲಿ ಹ್ಲಾಪಿಚ್ ಇಲಿ! ಪುಸ್ತಕದಲ್ಲಿ ಅವನು ಅಪ್ಪಟ ಮನುಷ್ಯರ ಹುಡುಗ. ಚಿತ್ರದ ಇಂಗ್ಲಿಷ್ ಮಾತಿನಲ್ಲಿ ನಾಯಿ ಬ್ರೂಸ್ಟರ್ ಆಯಿತು. ದಾರಿಯಲ್ಲಿ ಜೊತೆಯಾಗುವ ಸರ್ಕಸ್ ಹುಡುಗಿ ಲೀಸಾ ಆದಳು. ಮೂಲದಲ್ಲಿ ಅವಳ ಹೆಸರು ಗೀತಾ. ನಮ್ಮ ಗೀತಾಗೂ ಅದಕ್ಕೂ ಸಂಬಂಧವಿಲ್ಲ, ಸದ್ದು ಮಾತ್ರ ಒಂದೇ. ಆದರೂ ಕನ್ನಡದಲ್ಲಿ ಅವಳನ್ನು ಬದಲಿಸುವ ಕೆಲಸ ಯಾರಿಗೂ ಬರುತ್ತಿರಲಿಲ್ಲ.